ನ್ಯಾಂಡ್ ಗೇಟಿನಿಂದ ಪ್ರೊಸೆಸರ್‌ವರೆಗೆ: ಕಂಪ್ಯೂಟರನ್ನು ಕಟ್ಟಿ ಕಲಿಯುವ ದಾರಿ

ಇನ್‌ಪುಟ್, ಪ್ರೊಸೆಸ್, ಔಟ್‌ಪುಟ್ ಎಂದು ಮೂರು ಪೆಟ್ಟಿಗೆ ಬರೆದು ನಡುವೆ ಬಾಣ ಎಳೆದ ಚಿತ್ರವನ್ನು ನಾವೆಲ್ಲ ಶಾಲೆಯಲ್ಲೇ ನೋಡಿದ್ದೇವೆ. ಪರೀಕ್ಷೆಗೆ ಅದು ಸಾಕು. ಆದರೆ ಆ ನಡುವಿನ ಪೆಟ್ಟಿಗೆಯೊಳಗೆ ಏನಿದೆ? ಮಗ್ಗಿ ಕಲಿಯದ ಸಿಲಿಕಾನ್ ಚೂರಿಗೆ ಏಳು ಮೂರಲಿ ಇಪ್ಪತ್ತೊಂದು ಎಂದು ಗೊತ್ತಾಗುವುದು ಹೇಗೆ? ಎಂಜಿನಿಯರಿಂಗ್ ಸೇರಿದ ಮೇಲೂ ಬಹಳ ಜನರಿಗೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಒಂದು ಪೇಪರ್‌ನಲ್ಲಿ ಗೇಟು, ಅಂದರೆ 0 ಮತ್ತು 1ರ ಮೇಲೆ ತರ್ಕ ನಡೆಸುವ ಪುಟ್ಟ ಸರ್ಕ್ಯೂಟು ಓದುತ್ತೇವೆ, ಇನ್ನೊಂದರಲ್ಲಿ ಮೈಕ್ರೋಪ್ರೊಸೆಸರ್ ಓದುತ್ತೇವೆ. ಎರಡರ ನಡುವಿನ ಮೆಟ್ಟಿಲುಗಳನ್ನು ಯಾರೂ ಹತ್ತಿಸುವುದಿಲ್ಲ.

ಈ ಬರಹ ಆ ಮೆಟ್ಟಿಲುಗಳ ಬಗ್ಗೆ. ಒಂದೇ ಒಂದು ಸಣ್ಣ ಐಸಿಯಿಂದ (ಒಳಗೆ ಸರ್ಕ್ಯೂಟ್ ಅಡಗಿರುವ ಚಿಪ್) ಶುರು ಮಾಡಿ, ಕೊನೆಗೆ ಏಳು ಮೂರಲಿ ಇಪ್ಪತ್ತೊಂದು ಎಂದು ತಾನೇ ಲೆಕ್ಕ ಹಾಕುವ 8 ಬಿಟ್ ಯಂತ್ರದವರೆಗೆ ಹೋಗೋಣ. ಒಂದು ಬಿಟ್ ಅಂದರೆ ಒಂದು 0 ಅಥವಾ ಒಂದು 1. ಮೊದಲರ್ಧವನ್ನು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ತಂತಿ ಚುಚ್ಚಿ ಸರ್ಕ್ಯೂಟ್ ಕಟ್ಟುವ ಹಲಗೆ) ಮೇಲೆ ಕೈಯಾರೆ ಮಾಡಬೇಕು, ಉಳಿದರ್ಧಕ್ಕೆ ಸಿಮ್ಯುಲೇಟರ್, ಅಂದರೆ ಸರ್ಕ್ಯೂಟನ್ನು ತೆರೆಯ ಮೇಲೆ ಓಡಿಸಿ ತೋರಿಸುವ ಸಾಫ್ಟ್‌ವೇರ್ ಸಾಕು. ಒಂದೇ ನಿಯಮ: ಒಂದು ಹಂತ ಪೂರ್ತಿ ಕೆಲಸ ಮಾಡುವುದನ್ನು ಕಣ್ಣಾರೆ ನೋಡುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

ಬೇಕಾದ ಸಾಮಾನು

ಒಂದು ಬ್ರೆಡ್‌ಬೋರ್ಡ್. 74ಎಚ್‌ಸಿ00 ಐಸಿ ಮೂರು. ಕೆಲವು ಎಲ್‌ಇಡಿಗಳು. 1 ಕಿಲೋ ಓಮ್ ಮತ್ತು 10 ಕಿಲೋ ಓಮ್ ರೆಸಿಸ್ಟರ್‌ಗಳು. ಸಣ್ಣ ಸ್ವಿಚ್ ಮೂರು. ಮೈಮೇಲೆ 104 ಎಂದು ಬರೆದಿರುವ ಸಣ್ಣ ಕೆಪಾಸಿಟರ್ ಮೂರು. ಜಂಪರ್ ವೈರ್, ಮತ್ತು ಅಗ್ಗದ್ದಾದರೂ ಸರಿ, ಒಂದು ಮಲ್ಟಿಮೀಟರ್. ಬೆಂಗಳೂರಿನಲ್ಲಿ ಇರುವವರಿಗೆ ಎಸ್.ಪಿ. ರೋಡ್ ಇದ್ದೇ ಇದೆ. ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಬಹುದು.

ಅಂಗಡಿಯಲ್ಲಿ 74ಎಲ್‌ಎಸ್00 ಕೊಟ್ಟರೆ ಅದೂ ನಡೆಯುತ್ತದೆ, ಆದರೆ ಎಚ್‌ಸಿಯೇ ಇರಲಿ. ಎಲ್‌ಎಸ್‌ನ ಔಟ್‌ಪುಟ್ 1 ಆಗಿದ್ದಾಗ (1 ಅಂದರೆ ವೋಲ್ಟೇಜ್ ಇದೆ, 0 ಅಂದರೆ ಇಲ್ಲ) ಎಲ್‌ಇಡಿಯನ್ನು ಚೆನ್ನಾಗಿ ಬೆಳಗಿಸುವಷ್ಟು ಕರೆಂಟ್ ಕೊಡುವುದಿಲ್ಲ. ಅದರ ಇನ್‌ಪುಟ್‌ಗಳೂ ಜಾಸ್ತಿ ಕರೆಂಟ್ ಕೇಳುವುದರಿಂದ ಮುಂದೆ ಹೇಳುವ 10 ಕಿಲೋ ಓಮ್ ಲೆಕ್ಕ ಅದಕ್ಕೆ ಸರಿಹೊಂದುವುದಿಲ್ಲ.

ಕರೆಂಟಿಗೆ ಚಪ್ಪಟೆ ಯುಎಸ್‌ಬಿ ತೂತಿರುವ ಹಳೆಯ ಮೊಬೈಲ್ ಚಾರ್ಜರ್ ಸಾಕು. ಅದು 5 ವೋಲ್ಟ್ ಕೊಡುತ್ತದೆ. ಹಳೆಯ ಕೇಬಲ್ ಒಂದನ್ನು ಕತ್ತರಿಸಿದರೆ ಒಳಗೆ ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಗ್ರೌಂಡ್. ಬಣ್ಣ ನಂಬದೆ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ. 9 ವೋಲ್ಟ್ ಬ್ಯಾಟರಿಯನ್ನು ನೇರವಾಗಿ ಕೊಡಬೇಡಿ, ಐಸಿ ಸುಟ್ಟು ಹೋಗುತ್ತದೆ.

ಸಿಮ್ಯುಲೇಟರ್ ಬೇಕಾದಾಗ ಸರ್ಕ್ಯೂಟ್‌ವರ್ಸ್ ಬಳಸಿ. ಬ್ರೌಸರ್‌ನಲ್ಲೇ ಓಡುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಅದನ್ನು ಶುರು ಮಾಡಿದವರು ಬೆಂಗಳೂರಿನ ಐಐಐಟಿಯ ವಿದ್ಯಾರ್ಥಿಗಳು. ಲಾಜಿಸಿಮ್ ಕೂಡ ಚೆನ್ನಾಗಿದೆ.

ಹಂತ 1: ಸ್ವಿಚ್ಚೇ ಎಲ್ಲಕ್ಕೂ ತಳಪಾಯ

ಎರಡು ಸ್ವಿಚ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ, ಎರಡೂ ಆನ್ ಇದ್ದಾಗ ಮಾತ್ರ ದೀಪ ಉರಿಯುತ್ತದೆ. ಅದೇ ಸ್ವಿಚ್‌ಗಳನ್ನು ಅಕ್ಕಪಕ್ಕ ಜೋಡಿಸಿದರೆ ಯಾವುದಾದರೂ ಒಂದು ಆನ್ ಇದ್ದರೂ ಉರಿಯುತ್ತದೆ. ಮೊದಲನೆಯದು 'ಮತ್ತು', ಎರಡನೆಯದು 'ಅಥವಾ'. ಇಷ್ಟು ಸರಳ ಮಾತಿನ ಮೇಲೆ ಇಡೀ ಕ್ಷೇತ್ರ ನಿಂತಿದೆ. 1937ರಲ್ಲಿ ಎಂಐಟಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ ಕ್ಲಾಡ್ ಶಾನನ್, ಹಿಂದಿನ ಶತಮಾನದಲ್ಲಿ ಜಾರ್ಜ್ ಬೂಲ್ ಕಟ್ಟಿದ್ದ ತರ್ಕದ ಬೀಜಗಣಿತವನ್ನು ರಿಲೇ (ವಿದ್ಯುತ್ ಕಾಂತ ಒತ್ತುವ) ಸ್ವಿಚ್‌ಗಳ ಸರ್ಕ್ಯೂಟಿಗೆ ಹಾಗೆಯೇ ಅನ್ವಯಿಸಬಹುದು ಎಂದು ತೋರಿಸಿದರು. ಅಂದರೆ ಕಾಗದದ ಮೇಲಿನ ತರ್ಕವನ್ನು ತಂತಿಯಲ್ಲಿ ಬರೆಯಬಹುದು.

ರಿಲೇಗೆ ಒಳಗೆ ಅಲ್ಲಾಡುವ ಭಾಗ ಇದೆ, ಹಾಗಾಗಿ ಅದು ನಿಧಾನ. 1947ರ ಡಿಸೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ಈ ತೊಂದರೆ ತಪ್ಪಿತು. ಟ್ರಾನ್ಸಿಸ್ಟರ್ ಅಂದರೆ, ನಮ್ಮ ಕೆಲಸಕ್ಕೆ, ಬೆರಳಿನ ಬದಲು ವೋಲ್ಟೇಜ್ ಒತ್ತುವ ಸ್ವಿಚ್. ಒಂದು ಸ್ವಿಚ್‌ನಿಂದ ಹೊರಬಂದ ವೋಲ್ಟೇಜ್ ಮುಂದಿನ ಸ್ವಿಚ್ಚನ್ನು ಒತ್ತಬಹುದು. ಸ್ವಿಚ್ ಸ್ವಿಚ್ಚನ್ನು ಒತ್ತುತ್ತದೆ ಎನ್ನುವುದೇ ಇಲ್ಲಿನ ದೊಡ್ಡ ವಿಷಯ.

ಇವತ್ತಿನ ಚಿಪ್‌ಗಳಲ್ಲಿ ಎರಡು ಜಾತಿಯ ಟ್ರಾನ್ಸಿಸ್ಟರ್ ಇರುತ್ತವೆ. ಒಂದು, 1 ಬಂದರೆ ಆನ್ ಆಗುತ್ತದೆ. ಇನ್ನೊಂದು, 0 ಬಂದರೆ ಆನ್ ಆಗುತ್ತದೆ. ಮೊದಲ ಜಾತಿಯ ಎರಡನ್ನು ಒಂದರ ಹಿಂದೆ ಒಂದರಂತೆ ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ ಹಾಕಿ. ಎರಡನೆಯ ಜಾತಿಯ ಎರಡನ್ನು ಅಕ್ಕಪಕ್ಕದಲ್ಲಿ ಔಟ್‌ಪುಟ್ ಮತ್ತು 5 ವೋಲ್ಟ್ ನಡುವೆ ಹಾಕಿ. ಎರಡೂ ಇನ್‌ಪುಟ್ 1 ಆದಾಗ ಮಾತ್ರ ಗ್ರೌಂಡಿಗೆ ದಾರಿ ತೆರೆದು ಔಟ್‌ಪುಟ್ 0 ಆಗುತ್ತದೆ. ಬೇರೆ ಯಾವಾಗಲೂ 5 ವೋಲ್ಟಿನ ದಾರಿ ತೆರೆದಿರುತ್ತದೆ, ಔಟ್‌ಪುಟ್ 1. ಇದೇ ನ್ಯಾಂಡ್ ಗೇಟು. ನಾಲ್ಕೇ ಟ್ರಾನ್ಸಿಸ್ಟರ್.

ಒಂದು ಸೊಗಸು ಗಮನಿಸಿ. ಮೇಲಿನ ದಾರಿ ತೆರೆದಾಗ ಕೆಳಗಿನದು ಮುಚ್ಚಿರುತ್ತದೆ. ಹಾಗಾಗಿ ಸುಮ್ನೆ ಇದ್ದಾಗ ಇದರಲ್ಲಿ ಕರೆಂಟ್ ಹೆಚ್ಚುಕಡಿಮೆ ಹರಿಯುವುದೇ ಇಲ್ಲ. ಖರ್ಚಿನ ದೊಡ್ಡ ಪಾಲು 0 ಮತ್ತು 1ರ ನಡುವೆ ಬದಲಾಗುವಾಗ ಆಗುತ್ತದೆ. ಗೇಮ್ ಆಡಿದಾಗ ಫೋನ್ ಬಿಸಿಯಾಗುವುದು ಇದಕ್ಕೇ.

ಹಂತ 2: ಮೊದಲ ಐಸಿಯನ್ನು ಬೋರ್ಡ್ ಮೇಲೆ ಕೂರಿಸಿ

ಐಸಿಯ ಒಂದು ತುದಿಯಲ್ಲಿ ಅರ್ಧಚಂದ್ರದಂಥ ಕಚ್ಚು ಇರುತ್ತದೆ. ಅದನ್ನು ಎಡಕ್ಕೆ ಇಟ್ಟುಕೊಳ್ಳಿ. ಕೆಳಸಾಲಿನ ಎಡತುದಿಯದು ಪಿನ್ 1. ಅಲ್ಲಿಂದ ಬಲಕ್ಕೆ ಎಣಿಸಿದರೆ 7. ಮೇಲಿನ ಸಾಲಿನಲ್ಲಿ ಬಲದಿಂದ ಎಡಕ್ಕೆ 8ರಿಂದ 14. ಪಿನ್ 14ಕ್ಕೆ 5 ವೋಲ್ಟ್, ಪಿನ್ 7ಕ್ಕೆ ಗ್ರೌಂಡ್. ಈ ಎರಡರ ನಡುವೆ, ಐಸಿಗೆ ಆದಷ್ಟು ಹತ್ತಿರದಲ್ಲಿ, 104 ಕೆಪಾಸಿಟರ್ ಹಾಕಿ. ಗೇಟುಗಳು ಫಟ್ಟನೆ ಬದಲಾಗುವಾಗ ವೋಲ್ಟೇಜ್ ಕುಸಿಯದಂತೆ ಅದು ನೋಡಿಕೊಳ್ಳುತ್ತದೆ. ಇದನ್ನು ಬಿಟ್ಟರೂ ಸರ್ಕ್ಯೂಟ್ ಓಡಬಹುದು, ಆದರೆ ಯಾವಾಗಲೋ ಒಮ್ಮೆ ಕಾರಣವೇ ಗೊತ್ತಾಗದಂತೆ ತಪ್ಪು ಉತ್ತರ ಕೊಡುತ್ತದೆ.

ಒಳಗೆ ನಾಲ್ಕು ನ್ಯಾಂಡ್ ಗೇಟುಗಳಿವೆ:

1 ಮತ್ತು 2 ಇನ್‌ಪುಟ್, 3 ಔಟ್‌ಪುಟ್
4 ಮತ್ತು 5 ಇನ್‌ಪುಟ್, 6 ಔಟ್‌ಪುಟ್
9 ಮತ್ತು 10 ಇನ್‌ಪುಟ್, 8 ಔಟ್‌ಪುಟ್
12 ಮತ್ತು 13 ಇನ್‌ಪುಟ್, 11 ಔಟ್‌ಪುಟ್

ಸ್ವಿಚ್ಚಿನ ಒಂದು ತುದಿ 5 ವೋಲ್ಟಿಗೆ, ಇನ್ನೊಂದು ತುದಿ ಪಿನ್ 1ಕ್ಕೆ. ಪಿನ್ 1ರಿಂದ ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್. ಪಿನ್ 2ಕ್ಕೂ ಇದೇ ರೀತಿ. ಈ ರೆಸಿಸ್ಟರ್ ಇಲ್ಲದಿದ್ದರೆ ಸ್ವಿಚ್ ಆಫ್ ಆದಾಗ ಇನ್‌ಪುಟ್ ಎಲ್ಲಿಗೂ ಸೇರದೆ ತೂಗಾಡುತ್ತದೆ. ಎಚ್‌ಸಿ ಐಸಿಗಳಲ್ಲಿ ಅಂಥ ಇನ್‌ಪುಟ್ 0 ಎಂದು ಓದುತ್ತದೋ 1 ಎಂದು ಓದುತ್ತದೋ ಹೇಳಲಾಗದು. ಕೈ ಹತ್ತಿರ ತಂದರೂ ಬದಲಾಗಬಹುದು. ಬಳಸದ ಗೇಟುಗಳ ಇನ್‌ಪುಟ್‌ಗಳನ್ನು ಗ್ರೌಂಡಿಗೆ ಸೇರಿಸಿಬಿಡಿ.

ಪಿನ್ 3ರಿಂದ 1 ಕಿಲೋ ಓಮ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು ಗ್ರೌಂಡಿಗೆ. ಈಗ ಸ್ವಿಚ್ ಒತ್ತಿ ನೋಡಿ. ಎರಡೂ ಆನ್ ಆದಾಗ ಮಾತ್ರ ಎಲ್‌ಇಡಿ ಆರಬೇಕು.

ನ್ಯಾಂಡ್ ಒಂದೇ ಇದ್ದರೆ ಬೇರೆ ಯಾವ ಗೇಟೂ ಬೇಡ. ಎರಡೂ ಇನ್‌ಪುಟ್‌ಗಳನ್ನು ಸೇರಿಸಿಬಿಟ್ಟರೆ ಅದು 'ಅಲ್ಲ' ಗೇಟು, 1 ಕೊಟ್ಟರೆ 0, 0 ಕೊಟ್ಟರೆ 1. ನ್ಯಾಂಡಿನ ಔಟ್‌ಪುಟ್‌ಗೆ ಒಂದು 'ಅಲ್ಲ' ಸೇರಿಸಿದರೆ 'ಮತ್ತು'. ಇನ್‌ಪುಟ್‌ಗಳನ್ನು ಮೊದಲೇ ತಿರುಗಿಸಿ ನ್ಯಾಂಡಿಗೆ ಕೊಟ್ಟರೆ 'ಅಥವಾ'. ಓದಿ ಒಪ್ಪಿಕೊಳ್ಳಬೇಡಿ, ಮೂರನ್ನೂ ಜೋಡಿಸಿ ನೋಡಿ.

ಹಂತ 3: ಕೂಡುವ ಯಂತ್ರ

0 ಮತ್ತು 1 ಎಂಬ ಎರಡೇ ಅಂಕಿಗಳ ಲೆಕ್ಕದಲ್ಲಿ ಸ್ಥಾನಬೆಲೆ 1, 2, 4, 8, 16 ಎಂದು ಎರಡರಷ್ಟಾಗುತ್ತಾ ಹೋಗುತ್ತದೆ. 0101 ಅಂದರೆ 4 ಕೂಡು 1, ಅಂದರೆ 5. ಕೂಡುವ ರೀತಿ ಶಾಲೆಯದ್ದೇ. ಹತ್ತಾದಾಗ ದಶಕ ಹೋಗುತ್ತಿತ್ತು, ಇಲ್ಲಿ ಎರಡಾದಾಗಲೇ ಹೋಗುತ್ತದೆ. ಒಂದು ಮತ್ತೊಂದು ಸೇರಿದರೆ 10: ಇಲ್ಲಿ 0 ಬರೆದು ಪಕ್ಕದ ಮನೆಗೆ ಕ್ಯಾರಿ 1.

ಒಂದು ಮನೆಯ ಉತ್ತರ ಯಾವಾಗ 1 ಆಗುತ್ತದೆ? ಎರಡರಲ್ಲಿ ಒಂದು ಮಾತ್ರ 1 ಇದ್ದಾಗ. ಇದಕ್ಕೆ ಎಕ್ಸಾರ್ ಗೇಟು ಎನ್ನುತ್ತಾರೆ. ಮೆಟ್ಟಿಲ ಕೆಳಗೊಂದು, ಮೇಲೊಂದು ಸ್ವಿಚ್ ಇಟ್ಟು ಒಂದೇ ದೀಪ ಹಚ್ಚುತ್ತೇವಲ್ಲ, ಅದರ ಹಾಗೆಯೇ: ಯಾವ ಸ್ವಿಚ್ ಬದಲಾದರೂ ದೀಪ ಬದಲಾಗುತ್ತದೆ. ನಿಮ್ಮ ಒಂದು ಐಸಿಯಲ್ಲಿರುವ ನಾಲ್ಕೂ ಗೇಟು ಸೇರಿದರೆ ಸರಿಯಾಗಿ ಒಂದು ಎಕ್ಸಾರ್ ಆಗುತ್ತದೆ. ಹೀಗೆ ಜೋಡಿಸಿ:

ಎ ಸ್ವಿಚ್: ಪಿನ್ 1 ಮತ್ತು 4ಕ್ಕೆ
ಬಿ ಸ್ವಿಚ್: ಪಿನ್ 2 ಮತ್ತು 10ಕ್ಕೆ
ಪಿನ್ 3ರಿಂದ ಪಿನ್ 5 ಮತ್ತು 9ಕ್ಕೆ
ಪಿನ್ 6ರಿಂದ ಪಿನ್ 12ಕ್ಕೆ
ಪಿನ್ 8ರಿಂದ ಪಿನ್ 13ಕ್ಕೆ
ಉತ್ತರ ಪಿನ್ 11ರಲ್ಲಿ

ಎರಡನೇ ಐಸಿಯನ್ನೂ ಹಾಗೆಯೇ ಜೋಡಿಸಿ. ಆದರೆ ಅದರ ಎ ಜಾಗಕ್ಕೆ ಮೊದಲ ಐಸಿಯ ಪಿನ್ 11 ಬರಲಿ, ಬಿ ಜಾಗಕ್ಕೆ ಮೂರನೇ ಸ್ವಿಚ್ ಸಿ ಬರಲಿ. ಈ ಸಿ ಎಂದರೆ ಹಿಂದಿನ ಮನೆಯಿಂದ ಬಂದ ಕ್ಯಾರಿ. ಎರಡನೇ ಐಸಿಯ ಪಿನ್ 11 ಈಗ ಮೊತ್ತ. ಕೊನೆಗೆ, ಮೊದಲ ಐಸಿಯ ಪಿನ್ 3 ಮತ್ತು ಎರಡನೇ ಐಸಿಯ ಪಿನ್ 3, ಇವೆರಡನ್ನೂ ಮೂರನೇ ಐಸಿಯ ಪಿನ್ 1 ಮತ್ತು 2ಕ್ಕೆ ಕೊಡಿ. ಆ ಐಸಿಯ ಪಿನ್ 3ರಲ್ಲಿ ಬರುವುದು ಮುಂದಿನ ಮನೆಗೆ ಹೋಗುವ ಕ್ಯಾರಿ. ಒಟ್ಟು ಒಂಬತ್ತು ಗೇಟು. ಇದಕ್ಕೆ ಫುಲ್ ಆ್ಯಡರ್ ಎಂದು ಹೆಸರು.

ಮೊತ್ತಕ್ಕೊಂದು, ಕ್ಯಾರಿಗೊಂದು ಎಲ್‌ಇಡಿ ಹಾಕಿ ಎಂಟೂ ಜೋಡಣೆಗಳನ್ನು ಪರೀಕ್ಷಿಸಿ. ಮೂರು ಸ್ವಿಚ್ಚೂ ಆನ್ ಇದ್ದಾಗ ಎರಡೂ ಎಲ್‌ಇಡಿ ಉರಿಯಬೇಕು, ಏಕೆಂದರೆ ಮೂರು ಅಂದರೆ 11. ಉತ್ತರ ತಪ್ಪಿದರೆ ಎಲ್ಲವನ್ನೂ ಕಿತ್ತು ಹಾಕಬೇಡಿ. ಮಲ್ಟಿಮೀಟರ್ ಹಿಡಿದು ಮೊದಲ ಐಸಿಯ ಪಿನ್ 3ರಿಂದ ಮುಂದಕ್ಕೆ ಬನ್ನಿ. 4 ವೋಲ್ಟಿಗಿಂತ ಜಾಸ್ತಿ ಇದ್ದರೆ 1, ಸೊನ್ನೆಯ ಹತ್ತಿರ ಇದ್ದರೆ 0. ನಡುವೆ 2 ವೋಲ್ಟಿನ ಹಾಗೆ ಏನಾದರೂ ತೋರಿಸಿದರೆ ಯಾವುದೋ ಇನ್‌ಪುಟ್ ತೂಗಾಡುತ್ತಿದೆ ಅಥವಾ ಎರಡು ಔಟ್‌ಪುಟ್‌ಗಳು ಒಂದಕ್ಕೊಂದು ತಾಗಿವೆ. ಹೀಗೆ ಒಂದೊಂದೇ ತಾಣ ಅಳೆಯುತ್ತಾ ತಪ್ಪನ್ನು ಮೂಲೆಗೆ ತಳ್ಳುವುದೇ ಕಂಪ್ಯೂಟರ್ ಎಂಜಿನಿಯರ್ ದಿನವೂ ಮಾಡುವ ಕೆಲಸ. ಅಳತೆಯ ಉಪಕರಣ ಬದಲಾಗುತ್ತದೆ, ಕ್ರಮ ಇದೇ.

ಇಂಥ ನಾಲ್ಕನ್ನು ಸಾಲಾಗಿ ಇಟ್ಟು ಒಂದರ ಕ್ಯಾರಿಯನ್ನು ಮುಂದಿನದಕ್ಕೆ ಕೊಟ್ಟರೆ 4 ಬಿಟ್ ಕೂಡುವ ಯಂತ್ರ. ಎಂಟಿಟ್ಟರೆ 8 ಬಿಟ್. ಅಷ್ಟೊಂದು ತಂತಿ ಬೋರ್ಡ್ ಮೇಲೆ ಎಳೆಯಬೇಕಾಗಿಲ್ಲ, ಇಲ್ಲಿಂದ ಸಿಮ್ಯುಲೇಟರ್‌ಗೆ ಹೋಗಬಹುದು. ಬೋರ್ಡೇ ಬೇಕೆಂದರೆ 74ಎಚ್‌ಸಿ283 ಎಂಬ ಒಂದೇ ಐಸಿಯಲ್ಲಿ 4 ಬಿಟ್‌ನದು ಸಿಗುತ್ತದೆ.

ಕಳೆಯುವುದಕ್ಕೆ ಬೇರೆ ಯಂತ್ರ ಬೇಕಿಲ್ಲ, ಇದು ನನಗೆ ಬಹಳ ಇಷ್ಟವಾದ ಭಾಗ. 5ರಿಂದ 3 ಕಳೆಯಬೇಕು ಎನ್ನಿ. 3 ಅಂದರೆ 0011. ಅದರ ಎಲ್ಲ ಬಿಟ್‌ಗಳನ್ನು ತಿರುಗಿಸಿ: 1100. ಅದನ್ನು 5ಕ್ಕೆ, ಅಂದರೆ 0101ಕ್ಕೆ ಕೂಡಿ, ಜೊತೆಗೆ ಇನ್ನೊಂದು 1 ಕೂಡಿ. 10010 ಬರುತ್ತದೆ. ನಮ್ಮಲ್ಲಿ ಇರುವುದು ನಾಲ್ಕೇ ಮನೆ, ಐದನೆಯದು ಹೊರಗೆ ಬೀಳುತ್ತದೆ. ಉಳಿದದ್ದು 0010, ಅಂದರೆ 2. ಯಂತ್ರದಲ್ಲಿ ಇದಕ್ಕೆ ಬೇಕಾದದ್ದು ಬಿ ಕಡೆಯ ಪ್ರತಿ ಬಿಟ್‌ಗೂ ಒಂದು ಎಕ್ಸಾರ್, ಮತ್ತು ಒಂದು 'ಕಳೆ' ತಂತಿ. ಆ ತಂತಿ 1 ಆದರೆ ಎಲ್ಲ ಬಿಟ್ ತಿರುಗುತ್ತವೆ. ಅದೇ ತಂತಿಯನ್ನು ಮೊದಲ ಮನೆಯ ಕ್ಯಾರಿಗೂ ಕೊಟ್ಟರೆ ಆ ಹೆಚ್ಚುವರಿ 1 ಕೂಡ ಸಿಕ್ಕಿತು.

ಹಂತ 4: ನೆನಪಿಡುವ ಗೇಟು

ಇಲ್ಲಿಯವರೆಗಿನ ಯಂತ್ರಕ್ಕೆ ನೆನಪಿಲ್ಲ. ಸ್ವಿಚ್ ಬಿಟ್ಟ ಕೂಡಲೇ ಉತ್ತರ ಹೋಯಿತು. ಮೂರನೇ ಐಸಿಯಲ್ಲಿ ಮೂರು ಗೇಟು ಖಾಲಿ ಇವೆ, ಅವುಗಳಲ್ಲಿ ಎರಡನ್ನು ಈಗ ಬಳಸೋಣ. ಮೊದಲು ಪಿನ್ 4, 5, 9, 10ನ್ನು ಗ್ರೌಂಡಿನಿಂದ ಬಿಡಿಸಿ. ಪಿನ್ 6ನ್ನು 9ಕ್ಕೆ ಸೇರಿಸಿ. ಪಿನ್ 8ನ್ನು 5ಕ್ಕೆ ಸೇರಿಸಿ. ಪಿನ್ 4 ಮತ್ತು 10ರಿಂದ 5 ವೋಲ್ಟಿಗೆ ತಲಾ ಒಂದು 10 ಕಿಲೋ ಓಮ್ ಹಾಕಿ. ಪಿನ್ 6ಕ್ಕೆ ಎಲ್‌ಇಡಿ.

ಗ್ರೌಂಡಿನಿಂದ ಬಂದ ತಂತಿಯ ತುದಿಯನ್ನು ಪಿನ್ 4ಕ್ಕೆ ಒಮ್ಮೆ ಮುಟ್ಟಿಸಿ ತೆಗೆಯಿರಿ. ಎಲ್‌ಇಡಿ ಹೊತ್ತಿಕೊಂಡು ಹಾಗೇ ಇರುತ್ತದೆ. ಪಿನ್ 10ಕ್ಕೆ ಮುಟ್ಟಿಸಿ ತೆಗೆಯಿರಿ. ಆರಿ, ಆರಿದ ಹಾಗೇ ಇರುತ್ತದೆ. ಮುಟ್ಟಿಸಿದ ತಂತಿ ಈಗ ಅಲ್ಲಿಲ್ಲ, ಆದರೂ ಕೊನೆಗೆ ಯಾರನ್ನು ಮುಟ್ಟಿದ್ದು ಎಂದು ಸರ್ಕ್ಯೂಟಿಗೆ ನೆನಪಿದೆ. ಒಂದು ಗೇಟಿನ ಉತ್ತರ ಇನ್ನೊಂದಕ್ಕೆ ಹೋಗಿ, ಅದರ ಉತ್ತರ ಮರಳಿ ಮೊದಲಿನದಕ್ಕೇ ಬರುವುದರಿಂದ ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಕರೆಂಟ್ ಹೋದರೆ ನೆನಪೂ ಹೋಗುತ್ತದೆ. ಸೇವ್ ಮಾಡದ ಫೈಲ್ ಕಳೆದುಹೋಗುವುದಕ್ಕೆ ಮೂಲ ಕಾರಣ ಇಲ್ಲೇ ಇದೆ.

ಇದಕ್ಕೆ ಇನ್ನೂ ಕೆಲವು ಗೇಟು ಸೇರಿಸಿ, ಗಡಿಯಾರದ ಒಂದು ಬಡಿತ ಬಂದ ಕ್ಷಣದಲ್ಲಿ ಮಾತ್ರ ಇನ್‌ಪುಟ್ ಹಿಡಿದುಕೊಳ್ಳುವ ಹಾಗೆ ಮಾಡಿದರೆ ಡಿ ಫ್ಲಿಪ್‌ಫ್ಲಾಪ್ ಆಗುತ್ತದೆ. ಅಂಥ ಎಂಟು ಸೇರಿದರೆ 8 ಬಿಟ್ ರಿಜಿಸ್ಟರ್. ಪ್ರೊಸೆಸರ್ ಒಳಗಿನ ಕ್ಯಾಶ್ ಎಂಬ ವೇಗದ ಮೆಮೊರಿ ಕೂಡ ಇದೇ ಹಿಡಿತದ ಉಪಾಯದ ಮೇಲೆ ನಿಂತಿದೆ, ಅದರಲ್ಲಿ ಒಂದು ಬಿಟ್‌ಗೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್. ಆದರೆ ನೀವು ಅಂಗಡಿಯಲ್ಲಿ 8 ಜಿಬಿ, 16 ಜಿಬಿ ಎಂದು ಕೇಳಿ ತರುವ ರ‍್ಯಾಮ್ ಬೇರೆ ಜಾತಿ. ಅಲ್ಲಿ ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್ ಅಷ್ಟೇ. ಕೆಪಾಸಿಟರ್‌ನ ಚಾರ್ಜ್ ಸೋರಿಹೋಗುತ್ತದೆ, ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಬಿಟ್ಟನ್ನೂ ಓದಿ ಮತ್ತೆ ಬರೆಯಬೇಕು. ನಿಮ್ಮ ಲ್ಯಾಪ್‌ಟಾಪ್ ಇದನ್ನು ಈಗಲೂ ಮಾಡುತ್ತಲೇ ಇದೆ.

ಹಂತ 5: ಗಡಿಯಾರ

ಗೇಟು ಬದಲಾಗಲು ಸ್ವಲ್ಪ ಹೊತ್ತು ಬೇಕು. 74ಎಚ್‌ಸಿ00ಗೆ ಸುಮಾರು 10 ನ್ಯಾನೋಸೆಕೆಂಡ್. ಎಂಟು ಮನೆ ದಾಟಿ ಕ್ಯಾರಿ ಹೋಗುವಷ್ಟರಲ್ಲಿ ಮೊತ್ತ ಕೆಲವು ಬಾರಿ ತಪ್ಪು ತೋರಿಸಿ ಆಮೇಲೆ ಸರಿಯಾಗುತ್ತದೆ. ಆ ನಡುವಿನ ತಪ್ಪು ಉತ್ತರವನ್ನು ಯಾರೂ ಓದಬಾರದು. ಗಡಿಯಾರ ಇರುವುದು ಇದಕ್ಕಾಗಿ. ಎಲ್ಲ ಗೇಟುಗಳೂ ಸಮಾಧಾನವಾದ ಮೇಲೆ ಒಂದು ಬಡಿತ, ಆಗ ರಿಜಿಸ್ಟರ್ ಉತ್ತರ ಹಿಡಿದುಕೊಳ್ಳುತ್ತದೆ. ಅತಿ ನಿಧಾನದ ದಾರಿಗೆ ಎಷ್ಟು ಹೊತ್ತು ಬೇಕೋ ಅದಕ್ಕಿಂತ ಬೇಗ ಬಡಿಯುವಂತಿಲ್ಲ.

ಬೋರ್ಡ್ ಮೇಲೆ ನೋಡಬೇಕೆಂದರೆ 555 ಐಸಿಯ ಮಾಮೂಲಿ ಅಸ್ಟೇಬಲ್ (ತಾನೇ 0, 1 ಎಂದು ಬದಲಾಗುತ್ತಲೇ ಇರುವ) ಸರ್ಕ್ಯೂಟ್ ಕಟ್ಟಿ. 1 ಕಿಲೋ ಓಮ್, 68 ಕಿಲೋ ಓಮ್, 10 ಮೈಕ್ರೋಫ್ಯಾರಡ್ ಹಾಕಿದರೆ ಸೆಕೆಂಡಿಗೆ ಸುಮಾರು ಒಂದು ಬಡಿತ. 3 ಗಿಗಾಹರ್ಟ್ಸ್ ಪ್ರೊಸೆಸರ್‌ನಲ್ಲಿ ಸೆಕೆಂಡಿಗೆ 300 ಕೋಟಿ ಬಡಿತ. ಒಂದು ಬಡಿತದಿಂದ ಮುಂದಿನದರೊಳಗೆ ಬೆಳಕು ಕೂಡ ಹೋಗುವುದು 10 ಸೆಂಟಿಮೀಟರ್ ಮಾತ್ರ. ಚಿಪ್ ಯಾಕೆ ಅಷ್ಟು ಚಿಕ್ಕದಿರಬೇಕು ಎಂದು ಈಗ ಅರ್ಥವಾಗುತ್ತದೆ, ಅಲ್ವಾ?

ಹಂತ 6: ಪ್ರೊಸೆಸರ್ ಕಟ್ಟೋಣ

ಇಲ್ಲಿ ನಿಧಾನವಾಗಿ ಹೋಗಿ, ಈ ಹಂತಕ್ಕೆ ಕೆಲವು ದಿನ ಹಿಡಿದರೂ ಪರವಾಗಿಲ್ಲ. ಸಿಮ್ಯುಲೇಟರ್‌ನಲ್ಲಿ ಈ ಭಾಗಗಳನ್ನು ಇಡಿ: 16 ಸಾಲಿನ, ಸಾಲಿಗೆ 8 ಬಿಟ್‌ನ ಮೆಮೊರಿ. ಯಾವ ಸಾಲು ಬೇಕು ಎಂದು ಹೇಳುವ 4 ಬಿಟ್ ವಿಳಾಸ ರಿಜಿಸ್ಟರ್. ಮುಂದೆ ಓದಬೇಕಾದ ಸಾಲಿನ ನಂಬರ್ ಇಟ್ಟುಕೊಂಡಿರುವ ಪ್ರೋಗ್ರಾಂ ಕೌಂಟರ್. ಓದಿದ ಆಜ್ಞೆಯನ್ನು ಹಿಡಿದಿಡುವ ಆಜ್ಞಾ ರಿಜಿಸ್ಟರ್. ಲೆಕ್ಕಕ್ಕೆ ಎ ಮತ್ತು ಬಿ ರಿಜಿಸ್ಟರ್‌ಗಳು, ಅವುಗಳ ನಡುವೆ ನೀವೇ ಕಟ್ಟಿದ ಕೂಡುವ-ಕಳೆಯುವ ಯಂತ್ರ. ಲೆಕ್ಕದ ಉತ್ತರದ ಎಂಟೂ ಬಿಟ್ 0 ಆದಾಗ 1 ಆಗುವ ಸೊನ್ನೆ ಫ್ಲ್ಯಾಗ್. ಉತ್ತರ ತೋರಿಸಲು ಔಟ್‌ಪುಟ್ ರಿಜಿಸ್ಟರ್.

ಎಲ್ಲವನ್ನೂ ಎಂಟು ತಂತಿಗಳ ಒಂದೇ ಬಸ್‌ಗೆ ಸೇರಿಸಿ. ಬಸ್ಸಿನಿಂದ ಎಷ್ಟು ಜನ ಬೇಕಾದರೂ ಓದಬಹುದು, ಆದರೆ ಒಂದು ಬಡಿತದಲ್ಲಿ ಒಬ್ಬರು ಮಾತ್ರ ಬರೆಯಬಹುದು. ಇಬ್ಬರು ಬರೆದರೆ ಒಬ್ಬರ 1 ಇನ್ನೊಬ್ಬರ 0ಗೆ ಡಿಕ್ಕಿ ಹೊಡೆಯುತ್ತದೆ. ಅದಕ್ಕೇ ಬರೆಯುವ ಪ್ರತಿ ಭಾಗದ ಮುಂದೆ ಟ್ರೈಸ್ಟೇಟ್ ಬಫರ್ ಹಾಕಿ. ಅನುಮತಿ ಇಲ್ಲದಾಗ ಅದು ಬಸ್ಸಿನಿಂದ ಸಂಪರ್ಕ ಕಡಿದುಕೊಂಡಿರುತ್ತದೆ.

ನಮ್ಮ ಆಜ್ಞೆ 8 ಬಿಟ್. ಮೊದಲ ನಾಲ್ಕು ಏನು ಮಾಡಬೇಕು ಎಂದು ಹೇಳುತ್ತವೆ, ಉಳಿದ ನಾಲ್ಕು ಯಾವ ಸಾಲಿನ ಜೊತೆ ಎಂದು. ಆಜ್ಞೆಗಳಿಗೆ ಕನ್ನಡದಲ್ಲೇ ಹೆಸರಿಡೋಣ:

0001 ತಾ: ಆ ಸಾಲಿನಲ್ಲಿರುವುದನ್ನು ಎಗೆ ತಾ
0010 ಕೂಡು: ಆ ಸಾಲಿನಲ್ಲಿರುವುದನ್ನು ಎಗೆ ಕೂಡು
0011 ಕಳೆ: ಎಯಿಂದ ಕಳೆ
0100 ಇಡು: ಎಯಲ್ಲಿರುವುದನ್ನು ಆ ಸಾಲಿನಲ್ಲಿ ಇಡು
0101 ಹಾರು: ಆ ಸಾಲಿಗೆ ಹೋಗು
0110 ಸೊನ್ನೆಯಾದರೆ ಹಾರು
0111 ತೋರಿಸು
1111 ನಿಲ್ಲು

'ಕೂಡು 12' ಎಂಬ ಒಂದು ಆಜ್ಞೆ ಐದು ಬಡಿತಗಳಲ್ಲಿ ನಡೆಯುತ್ತದೆ. ಮೊದಲ ಬಡಿತದಲ್ಲಿ ಪ್ರೋಗ್ರಾಂ ಕೌಂಟರ್ ತನ್ನ ನಂಬರನ್ನು ಬಸ್ ಮೇಲೆ ಇಡುತ್ತದೆ, ವಿಳಾಸ ರಿಜಿಸ್ಟರ್ ಅದನ್ನು ಹಿಡಿಯುತ್ತದೆ. ಎರಡನೆಯದರಲ್ಲಿ ಮೆಮೊರಿ ಆ ಸಾಲನ್ನು ಬಸ್ ಮೇಲೆ ಇಡುತ್ತದೆ, ಆಜ್ಞಾ ರಿಜಿಸ್ಟರ್ ಹಿಡಿಯುತ್ತದೆ, ಜೊತೆಯಲ್ಲೇ ಕೌಂಟರ್ ಒಂದು ಮುಂದಕ್ಕೆ ಹೋಗುತ್ತದೆ. ಮೂರನೆಯದರಲ್ಲಿ ಆಜ್ಞೆಯ ಕೊನೆಯ ನಾಲ್ಕು ಬಿಟ್, ಅಂದರೆ 12, ವಿಳಾಸ ರಿಜಿಸ್ಟರ್‌ಗೆ. ನಾಲ್ಕನೆಯದರಲ್ಲಿ ಮೆಮೊರಿಯ 12ನೇ ಸಾಲು ಬಿ ರಿಜಿಸ್ಟರ್‌ಗೆ. ಐದನೆಯದರಲ್ಲಿ ಮೊತ್ತ ಎ ರಿಜಿಸ್ಟರ್‌ಗೆ, ಸೊನ್ನೆ ಫ್ಲ್ಯಾಗ್ ಕೂಡ ಹೊಸದಾಗುತ್ತದೆ. ಮೊದಲ ಎರಡು ಬಡಿತ ಎಲ್ಲ ಆಜ್ಞೆಗಳಿಗೂ ಒಂದೇ.

ಹಾಗಾದರೆ ಯಾವ ಬಡಿತದಲ್ಲಿ ಯಾರು ಬರೆಯಬೇಕು, ಯಾರು ಹಿಡಿಯಬೇಕು ಎಂದು ಹೇಳುವವರು ಯಾರು? ಕಂಟ್ರೋಲ್ ಯುನಿಟ್. ಇದರ ಬಗ್ಗೆ ಓದುವಾಗ ಏನೋ ಬುದ್ಧಿವಂತ ಭಾಗ ಎನ್ನಿಸುತ್ತದೆ. ನಿಜವಾಗಿ ಅದು ಒಂದು ಪಟ್ಟಿ. ಕೌಂಟರ್ ಬರೆ, ಕೌಂಟರ್ ಏರಿಸು, ಕೌಂಟರ್ ಹಿಡಿ, ವಿಳಾಸ ಹಿಡಿ, ಮೆಮೊರಿ ಬರೆ, ಮೆಮೊರಿ ಹಿಡಿ, ಹೀಗೆ ನಮ್ಮ ಯಂತ್ರಕ್ಕೆ 16 ಕಂಟ್ರೋಲ್ ತಂತಿಗಳು ಸಾಕು. ಒಂದು ರಾಮ್ ಚಿಪ್ (ರ‍್ಯಾಮ್ ಅಲ್ಲ), ಅಂದರೆ ಓದಲು ಮಾತ್ರ ಬರುವ ಮೆಮೊರಿ ತೆಗೆದುಕೊಂಡು, ಅದರ ವಿಳಾಸಕ್ಕೆ ಆಜ್ಞೆಯ ನಾಲ್ಕು ಬಿಟ್, ಎಷ್ಟನೇ ಬಡಿತ ಎಂದು ಹೇಳುವ ಮೂರು ಬಿಟ್, ಸೊನ್ನೆ ಫ್ಲ್ಯಾಗಿನ ಒಂದು ಬಿಟ್ ಕೊಡಿ. ಒಟ್ಟು ಎಂಟು ಬಿಟ್, ಅಂದರೆ 256 ಸಾಲು. ಪ್ರತಿ ಸಾಲಿನಲ್ಲೂ ಆ ಹೊತ್ತಿಗೆ 16 ತಂತಿಗಳಲ್ಲಿ ಯಾವುದು 1, ಯಾವುದು 0 ಎಂದು ಬರೆಯಿರಿ. ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1951ರಲ್ಲಿ ಮುಂದಿಟ್ಟ ಮೈಕ್ರೋಪ್ರೋಗ್ರಾಮಿಂಗ್ ಎಂಬ ಉಪಾಯ ಇದು.

ಸೊನ್ನೆ ಫ್ಲ್ಯಾಗನ್ನು ಆ ವಿಳಾಸಕ್ಕೆ ಸೇರಿಸಿದ್ದು ಯಾಕೆ ಎಂದು ಒಂದು ಕ್ಷಣ ಯೋಚಿಸಿ. 'ಸೊನ್ನೆಯಾದರೆ ಹಾರು' ಆಜ್ಞೆಗೆ ಫ್ಲ್ಯಾಗ್ 1 ಇದ್ದರೆ ಪಟ್ಟಿಯ ಒಂದು ಸಾಲು ಸಿಗುತ್ತದೆ, ಅಲ್ಲಿ 'ಕೌಂಟರ್ ಹಿಡಿ' ತಂತಿ 1. ಫ್ಲ್ಯಾಗ್ 0 ಇದ್ದರೆ ಬೇರೆ ಸಾಲು, ಅಲ್ಲಿ ಏನೂ ಇಲ್ಲ. ಹೀಗಾದರೆ ಇದು, ಇಲ್ಲದಿದ್ದರೆ ಅದು ಎಂದು ನಾವು ಪ್ರೋಗ್ರಾಂಗಳಲ್ಲಿ ಬರೆಯುವ ಷರತ್ತುಗಳು ಕೊನೆಗೆ ಇಂಥ ತಂತಿಗಳಿಗೇ ಬಂದು ನಿಲ್ಲುತ್ತವೆ. ಲೆಕ್ಕದ ಫಲ ಮುಂದಿನ ಹೆಜ್ಜೆಯನ್ನು ಬದಲಿಸಬಲ್ಲದು. ಕ್ಯಾಲ್ಕುಲೇಟರ್ ಕಂಪ್ಯೂಟರ್ ಆಗುವುದು ಈ ಜಾಗದಲ್ಲಿ.

ಹಂತ 7: ಪ್ರೋಗ್ರಾಂ ಬರೆದು ಓಡಿಸಿ

ನಮ್ಮ ಯಂತ್ರಕ್ಕೆ ಗುಣಿಸಲು ಬರುವುದಿಲ್ಲ. ಏಳನ್ನು ಮೂರು ಸಲ ಕೂಡಿಸೋಣ. 12ನೇ ಸಾಲಿನಲ್ಲಿ 7, 13ರಲ್ಲಿ 3, 14ರಲ್ಲಿ 0, 15ರಲ್ಲಿ 1 ಇಡಿ. 14 ಮೊತ್ತಕ್ಕೆ, 13 ಇನ್ನೆಷ್ಟು ಸಲ ಎಂಬ ಎಣಿಕೆಗೆ.

0: ತಾ 14
1: ಕೂಡು 12
2: ಇಡು 14
3: ತಾ 13
4: ಕಳೆ 15
5: ಇಡು 13
6: ಸೊನ್ನೆಯಾದರೆ ಹಾರು 8
7: ಹಾರು 0
8: ತಾ 14
9: ತೋರಿಸು
10: ನಿಲ್ಲು

ಒಂದೊಂದನ್ನೂ ಬಿಟ್‌ಗಳಿಗೆ ಇಳಿಸಿ. 'ಕೂಡು 12' ಅಂದರೆ 00101100. ಈ ಕೆಲಸವನ್ನು ನಿಮ್ಮ ಬದಲು ಮಾಡುವ ಪ್ರೋಗ್ರಾಂಗೆ ಅಸೆಂಬ್ಲರ್ ಎಂದು ಹೆಸರು. ಒಮ್ಮೆಯಾದರೂ ಕೈಯಲ್ಲೇ ಮಾಡಿ. 'ಇಡು' ಆಜ್ಞೆ ಸೊನ್ನೆ ಫ್ಲ್ಯಾಗನ್ನು ಮುಟ್ಟಬಾರದು, ಪಟ್ಟಿ ಬರೆಯುವಾಗ ಇದನ್ನು ನೋಡಿಕೊಳ್ಳಿ. ಮುಟ್ಟಿದರೆ 4ನೇ ಸಾಲಿನ ಫಲ 6ನೇ ಸಾಲಿಗೆ ತಲುಪುವ ಮೊದಲೇ ಅಳಿಸಿಹೋಗುತ್ತದೆ.

ಗಡಿಯಾರ ಬಿಡಿ. 26 ಆಜ್ಞೆಗಳಾದ ಮೇಲೆ ಔಟ್‌ಪುಟ್‌ನಲ್ಲಿ 00010101 ಬರುತ್ತದೆ, ಅಂದರೆ 21. ಆಜ್ಞೆಗೆ ಐದು ಬಡಿತ, ಸೆಕೆಂಡಿಗೆ ಒಂದು ಬಡಿತ ಎಂದಿಟ್ಟುಕೊಂಡರೆ ಎರಡು ನಿಮಿಷಕ್ಕೆ ಸ್ವಲ್ಪ ಜಾಸ್ತಿ.

ಈಗ ಮೆಮೊರಿಯನ್ನು ಮುಟ್ಟದೆ, ಪ್ರೋಗ್ರಾಂ ಕೌಂಟರ್ ಮಾತ್ರ ಸೊನ್ನೆ ಮಾಡಿ ಇನ್ನೊಮ್ಮೆ ಓಡಿಸಿ. ಗಡಿಯಾರವನ್ನು ಮೊದಲೇ ಜೋರು ಮಾಡಿಕೊಳ್ಳಿ. ಈ ಸಲವೂ 21 ಬರುತ್ತದೆ, ಆದರೆ 2050 ಆಜ್ಞೆಗಳಾದ ಮೇಲೆ. ಕಾರಣ ಇದು: ಮೊದಲ ಓಟ ಮುಗಿದಾಗ 13ನೇ ಸಾಲಿನ ಎಣಿಕೆ 0 ಆಗಿತ್ತು. ಅದರಿಂದ 1 ಕಳೆದರೆ 8 ಬಿಟ್‌ನಲ್ಲಿ 255 ಆಗುತ್ತದೆ. ಹಾಗಾಗಿ ಸುತ್ತು 256 ಸಲ ತಿರುಗುತ್ತದೆ. 7ನ್ನು 256 ಸಲ ಕೂಡಿದರೆ 1792, ಅದರ ಕೊನೆಯ ಎಂಟು ಬಿಟ್ ಎಲ್ಲವೂ 0. ಹಳೆಯ 21ಕ್ಕೆ ಸೊನ್ನೆ ಸೇರಿದಂತಾಯಿತು. ಉತ್ತರ ಸರಿ ಬಂದರೂ ಪ್ರೋಗ್ರಾಂ ತಪ್ಪಿರಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಪ್ರೋಗ್ರಾಂ ಶುರುವಾಗುವಾಗಲೇ 13 ಮತ್ತು 14ನ್ನು ಸರಿಪಡಿಸಿಕೊಳ್ಳುವಂತೆ ಬರೆಯಲು ಪ್ರಯತ್ನಿಸಿ. 16 ಸಾಲು ಎಷ್ಟು ಇಕ್ಕಟ್ಟು ಎಂದು ಆಗ ಗೊತ್ತಾಗುತ್ತದೆ.

ಆಜ್ಞೆಯೂ ಅಂಕಿಯೂ ಒಂದೇ ಮೆಮೊರಿಯಲ್ಲಿ ಇರುವುದನ್ನು ಗಮನಿಸಿದಿರಾ? ಬೇರೆ ಕೆಲಸ ಬೇಕೆಂದರೆ ತಂತಿ ಬದಲಿಸಬೇಕಾಗಿಲ್ಲ, ಮೆಮೊರಿಯಲ್ಲಿ ಬೇರೆ ಬಿಟ್ ಬರೆದರೆ ಆಯಿತು. ಇಂಥ ಯಂತ್ರವೊಂದು ಮೊದಲ ಸಲ ಪ್ರೋಗ್ರಾಂ ಓಡಿಸಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ, 1948ರ ಜೂನ್ 21ರಂದು. ಅದರ ಮೆಮೊರಿಯಲ್ಲಿ ಇದ್ದದ್ದು 32 ಸಾಲು, ಸಾಲಿಗೆ 32 ಬಿಟ್.

ಅಕ್ಷರಗಳ ಕಥೆಯೂ ಇಷ್ಟೇ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ 'ಕ' ಎಂದರೆ 3221 ಎಂಬ ಸಂಖ್ಯೆ. ವೆಬ್‌ನಲ್ಲಿ ಎಲ್ಲೆಡೆ ಬಳಸುವ ಯುಟಿಎಫ್-8 ರೀತಿಯಲ್ಲಿ ಅದು ಮೂರು ಬೈಟ್ (ಒಂದು ಬೈಟ್ ಅಂದರೆ 8 ಬಿಟ್). 'ಕ್ಕ' ಎಂದು ಬರೆದರೆ ಕ, ಅರ್ಧಾಕ್ಷರದ ಗುರುತು, ಮತ್ತೆ ಕ ಸೇರಿ ಒಂಬತ್ತು ಬೈಟ್. ಒತ್ತಕ್ಷರವನ್ನು ಕೆಳಗಿಳಿಸಿ ಕೂರಿಸುವುದು ಫಾಂಟ್ ಮತ್ತು ಅದನ್ನು ತೆರೆಯ ಮೇಲೆ ಜೋಡಿಸುವ ಸಾಫ್ಟ್‌ವೇರ್. ಪ್ರೊಸೆಸರ್‌ಗೆ ಕಾಣುವುದು ಸಂಖ್ಯೆ ಮಾತ್ರ.

ಹಂತ 8: ಇಲ್ಲಿಂದ ಮುಂದೆ

ನಿಮ್ಮ ಯಂತ್ರಕ್ಕೂ ಅಂಗಡಿಯ ಪ್ರೊಸೆಸರ್‌ಗೂ ಜಾತಿಯಲ್ಲಿ ವ್ಯತ್ಯಾಸ ಇಲ್ಲ, ಗಾತ್ರ ಮತ್ತು ಜಾಣ್ಮೆಯಲ್ಲಿ ಇದೆ. 1971ರ ಇಂಟೆಲ್ 4004ರಲ್ಲಿ ಸುಮಾರು 2300 ಟ್ರಾನ್ಸಿಸ್ಟರ್. ನಮ್ಮ ಕಾಲೇಜುಗಳ ಲ್ಯಾಬ್‌ಗಳಲ್ಲಿ ಬಹಳ ಕಾಲ ಇದ್ದ 8085ರಲ್ಲಿ ಸುಮಾರು 6500. 2020ರ ಆ್ಯಪಲ್ ಎಂ1ರಲ್ಲಿ 1600 ಕೋಟಿ. ಹೆಚ್ಚಿನ ಟ್ರಾನ್ಸಿಸ್ಟರ್‌ಗಳಲ್ಲಿ ದೊಡ್ಡ ಪಾಲು ಕಾಯುವ ಹೊತ್ತನ್ನು ಉಳಿಸಲು ಖರ್ಚಾಗುತ್ತದೆ. ಒಂದು ಆಜ್ಞೆ ಮುಗಿಯುವ ಮೊದಲೇ ಮುಂದಿನದನ್ನು ಶುರು ಮಾಡುವ ಪೈಪ್‌ಲೈನ್, ದೂರದ ರ‍್ಯಾಮ್‌ಗೆ ಪದೇ ಪದೇ ಹೋಗದಂತೆ ಹತ್ತಿರವೇ ಇಟ್ಟುಕೊಳ್ಳುವ ಕ್ಯಾಶ್, ಯಾವ ಕಡೆ ಹಾರಬಹುದು ಎಂದು ಮೊದಲೇ ಊಹಿಸುವ ಭಾಗ. ಈ ಮೂರನ್ನೂ ಇದೇ ಕ್ರಮದಲ್ಲಿ ಓದಿ.

ಓದುವ ಜೊತೆಗೆ ವೆರಿಲಾಗ್ ಕಲಿಯಿರಿ. ಅದರಲ್ಲಿ ಸರ್ಕ್ಯೂಟನ್ನು ಎಳೆಯುವ ಬದಲು ಅಕ್ಷರದಲ್ಲಿ ಬರೆಯುತ್ತೇವೆ. ಬರೆದದ್ದನ್ನು ಎಫ್‌ಪಿಜಿಎ ಎಂಬ, ಬೇಕಾದ ಹಾಗೆ ಜೋಡಿಸಿಕೊಳ್ಳಬಹುದಾದ ಚಿಪ್ಪಿಗೆ ಹಾಕಿದರೆ ಅದು ನಿಜವಾದ ಸರ್ಕ್ಯೂಟ್ ಆಗುತ್ತದೆ. ಬೆಂಗಳೂರಿನ ಚಿಪ್ ವಿನ್ಯಾಸದ ಕಂಪನಿಗಳಲ್ಲಿ ದಿನವೂ ನಡೆಯುವ ಕೆಲಸ ಇದೇ ಬಗೆಯದು. 7400 ಸರಣಿಯ ಐಸಿಗಳನ್ನು ಮನೆಮಾತಾಗಿಸಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಈ ಊರಿಗೆ ಬಂದಿತ್ತು.

ಮೊದಲು ಒಂಬತ್ತು ಗೇಟಿನ ನಿಮ್ಮ ಆ್ಯಡರನ್ನು ವೆರಿಲಾಗ್‌ನಲ್ಲಿ ಬರೆಯಿರಿ, ಆಮೇಲೆ 256 ಸಾಲಿನ ಪಟ್ಟಿಯನ್ನು, ಆಮೇಲೆ ಇಡೀ 8 ಬಿಟ್ ಯಂತ್ರವನ್ನು. ಅದು ಎಫ್‌ಪಿಜಿಎ ಮೇಲೆ 21 ತೋರಿಸಿದ ದಿನ ರಿಸ್ಕ್-ಫೈವ್ ಆಜ್ಞೆಗಳ ಪಟ್ಟಿ ತೆರೆಯಿರಿ. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದ ಇದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದು. ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್‌ಗಳು ಇದರ ಮೇಲೆಯೇ ಕಟ್ಟಿದವು, ಅವುಗಳ ವಿನ್ಯಾಸವೂ ಓದಲು ಸಿಗುತ್ತದೆ. ಪಟ್ಟಿಯಲ್ಲಿ ಮೊದಲು ಹುಡುಕಬೇಕಾದದ್ದು ಕೂಡುವುದು, ಕಳೆಯುವುದು, ಮೆಮೊರಿಯಿಂದ ತರುವುದು, ಮೆಮೊರಿಯಲ್ಲಿ ಇಡುವುದು, ಷರತ್ತಿನ ಮೇಲೆ ಹಾರುವುದು. ನೀವು ಕಟ್ಟಿದ ಐದೂ ಅಲ್ಲಿವೆ, 8 ಬಿಟ್ ಬದಲು 32 ಬಿಟ್‌ನಲ್ಲಿ.